ಹನ್ನೆರಡು ಅಡಿಯ ಮುಖ

ತನ್ನ ಮೂಗು ಇಷ್ಟು ದೊಡ್ಡದೆಂದು ಬರ್ಲಿಯಣ್ಣನಿಗೆ ನಲವತ್ತನಾಲ್ಕು ವರ್ಷ ತಿಳಿದೇ ಇರಲಿಲ್ಲ. ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ, ಬಸ್ಸಿಗೆ ಕಾಯುತ್ತಾ ಆಕಳಿಸಲು ತಲೆ ಎತ್ತಿದಾಗ. ಎದುರಿನ ಹಾಸಿಗೆ ಅಂಗಡಿಯ ಮಾಳಿಗೆಯ ಮೇಲೆ ಹನ್ನೆರಡು ಅಡಿ ಎತ್ತರದ ಫಲಕವೊಂದು ಎದ್ದು ನಿಂತಿತ್ತು. ಅದರ ತುಂಬ ಅವನದೇ ಮುಖ. ಒಂದೊಂದು ಹೊಳ್ಳೆಯೂ ಊಟದ ತಟ್ಟೆಯಷ್ಟಿತ್ತು. ಹೊಳ್ಳೆಯ ಕೆಳಗೆ ನಗು, ನಗುವಿನ ಕೆಳಗೆ ಟೈ, ಟೈ ಕೆಳಗೆ ಗೇಣೆತ್ತರದ ಅಕ್ಷರಗಳು: ‘ನಿನ್ನೆ ಸಾಮಾನ್ಯ ನೌಕರ. ಇಂದು ದೊಡ್ಡ ಆಸ್ಪತ್ರೆಯ ಮ್ಯಾನೇಜರ್! ನಾಳೆ ನೀವು?’

ತಾನು ಮ್ಯಾನೇಜರ್ ಆಗಿರುವ ವಿಷಯ ಅವನಿಗೂ ಗೊತ್ತಾದದ್ದು ಆಗಲೇ.

ನಿಜ ಸಂಗತಿ ಹೀಗಿದೆ. ಅವನು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದದ್ದು ಹೌದು, ಆದರೆ ಅದರ ನೆಲಮಾಳಿಗೆಯಲ್ಲಿ, ಬಂದವರ ಕಾರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ. ಹನ್ನೊಂದು ವರ್ಷದಿಂದ ದಿನವಿಡೀ ಕಂಬಗಳ ನಡುವೆ ಕೈ ಬೀಸುತ್ತಾ “ಬರ್ಲಿ ಬರ್ಲಿ ಬರ್ಲಿ... ಸಾಕ್” ಎಂದು ಕೂಗಿ ಕೂಗಿ, ಮನೆಯಲ್ಲಿ ಹೆಂಡತಿ ಇನ್ನೊಂದು ಸೌಟು ಸಾರು ಬಡಿಸುವಾಗಲೂ ಅದೇ ಬಾಯಿಗೆ ಬರುತ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅವನನ್ನು ಬರ್ಲಿಯಣ್ಣ ಅನ್ನುತ್ತಿದ್ದರು. ಅವನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಬೇಜಾರು ಹುಟ್ಟಿಸಿದವನು ಹೆಂಡತಿಯ ಅಣ್ಣ. ಒಂದು ದಿನ ಊಟಕ್ಕೆ ಕೂತವನು, “ಏನಯ್ಯಾ, ಇನ್ನೂ ಬೇರೆಯವರ ಗಾಡಿ ಹಿಂದಕ್ಕೆ ಮುಂದಕ್ಕೆ ಮಾಡ್ಕೊಂಡೇ ಇದೀಯಾ?” ಎಂದು ಎಲ್ಲರ ಎದುರು ಕೇಳಿಬಿಟ್ಟ. ಮರುದಿನವೇ ಬರ್ಲಿಯಣ್ಣ ಹೋಗಿ ಆ ಕಾಲೇಜಿಗೆ ಸೇರಿಕೊಂಡ.

ಕಾಲೇಜಿನ ಹೆಸರಿನಲ್ಲಿ ‘ಅತ್ಯುನ್ನತ’ ‘ಸರ್ವಶ್ರೇಷ್ಠ’ ಮುಂತಾದ ಪದಗಳು ಎಷ್ಟಿದ್ದವೆಂದರೆ ಪೂರ್ತಿ ಹೇಳುವಷ್ಟರಲ್ಲಿ ನಮ್ಮ ಕಥೆಯೇ ಮುಗಿದುಹೋಗುತ್ತದೆ. ಮೂವತ್ತೊಂದು ಶಾಖೆಗಳು. ಎಲ್ಲ ಶಾಖೆಯಲ್ಲೂ ಅದೇ ನೀಲಿ ಗೋಡೆ, ಅದೇ ಪ್ಲಾಸ್ಟಿಕ್ ಗಿಡ, ಗಿಡದ ಪಕ್ಕ ಅದೇ ನಗು ಹೊತ್ತ ಒಬ್ಬ ಸಲಹೆಗಾರ್ತಿ. ಹತ್ತೇ ತಿಂಗಳಲ್ಲಿ ಆಸ್ಪತ್ರೆ ಆಡಳಿತದ ಡಿಪ್ಲೊಮಾ, ಕೆಲಸ ಖಚಿತ. ಸೇರಿದ ದಿನವೇ ಫೋಟೊ ತೆಗೆದರು. ಅಲ್ಲಿ ಕೋಟು ಒಂದೇ ಇತ್ತು. ದಪ್ಪಗಿದ್ದವರಿಗೆ ಆಗಲೆಂದು ಬೆನ್ನಿಗೆ ಸೀಳು ಬಿಟ್ಟಿದ್ದರು, ಸಣಕಲರಿಗೆ ಹಿಂದಿನಿಂದ ಬಟ್ಟೆ ಕ್ಲಿಪ್ಪು ಹಾಕುತ್ತಿದ್ದರು. ಬರ್ಲಿಯಣ್ಣನಿಗೆ ಆರು ಕ್ಲಿಪ್ಪು ಬೇಕಾಯಿತು. ಆಮೇಲೆ ಒಂದು ಅರ್ಜಿ ಕೊಟ್ಟರು. ‘ಈಗಿನ ಹುದ್ದೆ’ ಎಂಬಲ್ಲಿ ಪಕ್ಕದ ಹುಡುಗಿ ‘ಸಹಾಯಕ ಗ್ರಂಥಪಾಲಕಿ’ ಎಂದು ಮುದ್ದಾಗಿ ಬರೆಯುತ್ತಿದ್ದಳು. ಅದನ್ನು ಓರೆಗಣ್ಣಿನಿಂದ ನೋಡಿದವನ ಕೈ ತಾನೇ ತಾನಾಗಿ ‘ಮುಖ್ಯ ಮೇಲ್ವಿಚಾರಕ’ ಎಂದು ಬರೆಯಿತು. ನೆಲಮಾಳಿಗೆಯಲ್ಲಿ ಅವನ ಪಾಳಿಯಲ್ಲಿ ಅವನೊಬ್ಬನೇ ಇದ್ದದ್ದರಿಂದ ಅವನೇ ಮುಖ್ಯ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಒಂಬತ್ತು ತರಗತಿ ನಡೆದವು. ಹತ್ತನೆಯದಕ್ಕೆ ಮೇಷ್ಟರು ಬರಲಿಲ್ಲ, ಮುಂದೆಯೂ ಬರಲಿಲ್ಲ. ಅಲ್ಲಿಗೆ ಅವನ ವಿದ್ಯಾಭ್ಯಾಸ ಮುಗಿಯಿತು.

ಫಲಕ ಕಂಡ ದಿನ ಸಂಜೆ ಅವನು ಎಲ್ಲ ಹೇಳಿಬಿಡಬೇಕೆಂದೇ ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಹೆಂಗಸು, ಸಂಜೆ ಹೊತ್ತಿಗೆ ಅವಳಿಗೆ ಮಾತಾಡಲೂ ತ್ರಾಣ ಇರುತ್ತಿರಲಿಲ್ಲ. ಅವತ್ತು ಮುಖ ಅರಳಿತ್ತು.

“ನೋಡ್ದೆ. ಬಸ್ಸಲ್ಲಿದ್ದ ಅಷ್ಟೂ ಜನಕ್ಕೆ ತೋರಿಸ್ದೆ. ನನಗೆ ಯಾಕೆ ಹೇಳ್ಲಿಲ್ಲ? ಆಶ್ಚರ್ಯಪಡಿಸೋಣ ಅಂತಾನಾ?”

ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವಳು ತನ್ನಿಂದಾಗಿ ಇಷ್ಟು ಖುಷಿಪಟ್ಟದ್ದನ್ನು ಅವನು ಕಂಡಿರಲಿಲ್ಲ.

“ಹೂಂ,” ಎಂದ.

ಮನುಷ್ಯ ಹೇಳುವ ದೊಡ್ಡ ಸುಳ್ಳುಗಳೆಲ್ಲ ಇಷ್ಟೇ ಉದ್ದ ಇರುತ್ತವೆ. ಮರುದಿನದಿಂದ ಅವಳು ದಿನಕ್ಕೊಂದು ಬಿಳಿ ಅಂಗಿಗೆ ಗರಿಗರಿ ಇಸ್ತ್ರಿ ಹಾಕಿ, ಟೈ ಕಟ್ಟಿ ಕಳಿಸತೊಡಗಿದಳು. ಅವನು ಅದನ್ನು ಹಾಕಿಕೊಂಡು ಬೀದಿಯುದ್ದಕ್ಕೂ ನಡೆದು, ನೆಲಮಾಳಿಗೆಯ ಜನರೇಟರ್ ಹಿಂದೆ ನಿಂತು ಕಿತ್ತಳೆ ಜಾಕೆಟ್ಟಿಗೆ ಬದಲಾಗುತ್ತಿದ್ದ. ಅಂಗಿ ಬಿಚ್ಚುವಾಗ ಪ್ರತಿದಿನವೂ ನಾಚಿಕೆಯಾಗುತ್ತಿತ್ತು. ನಾಚಿಕೆಯಾಗುತ್ತಿದೆ ಎಂಬ ಕಾರಣಕ್ಕೆ ಯಾರಿಗೂ ಬಟ್ಟೆಯಿಲ್ಲದೆ ಕೆಲಸ ಮಾಡಲಾಗುವುದಿಲ್ಲವಾದ್ದರಿಂದ ಬೇಗ ಬೇಗ ಜಾಕೆಟ್ಟು ತೊಡುತ್ತಿದ್ದ.

ಬೀದಿ ಒಂದೇ ವಾರದಲ್ಲಿ ಬದಲಾಯಿತು. ಬರ್ಲಿಯಣ್ಣ ಎಂಬ ಹೆಸರೇ ಮಾಯವಾಯಿತು. ಹೆಂಡತಿಯ ಅಣ್ಣ ಫೋನ್ ಮಾಡಿ, “ಭಾವನೋರೇ, ನಿಮ್ಮಲ್ಲಿ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಯಾವ್ದಾದ್ರೂ ಇದ್ರೆ ನೋಡಿ,” ಎಂದ. ತಿಂಗಳಿಗೊಮ್ಮೆ ‘ಏಯ್, ನಲ್ಲಿ ಸರಿಯಾಗಿ ನಿಲ್ಲಿಸೋ’ ಎಂದು ಕೂಗುತ್ತಿದ್ದ ಮನೆ ಮಾಲೀಕರು ಈಗ ಮೆಟ್ಟಿಲು ಹತ್ತಿ ಮೇಲಕ್ಕೇ ಬಂದರು. ನೋವಿರುವ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಇಟ್ಟುಕೊಂಡರು.

“ಮ್ಯಾನೇಜರ್ ಸಾರ್, ಮೂಳೆ ಡಾಕ್ಟ್ರ ಹತ್ರ ಹೋದ್ರೆ ಎರಡು ತಿಂಗಳು ಬಿಟ್ಟು ಬನ್ನಿ ಅಂತಾರೆ. ನಿಮ್ಮ ಒಂದು ಮಾತು ಸಾಕು.”

“ಅಯ್ಯೋ, ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ...”

“ಎಲ್ಲಾ ದೊಡ್ಡೋರೂ ಹೀಗೇ ಅನ್ನೋದು. ಗುರುವಾರ ಬರ್ತೀನಿ.”

ಗುರುವಾರ ಬಂದೇಬಿಟ್ಟರು. ಆಸ್ಪತ್ರೆಯ ವೈದ್ಯರಲ್ಲಿ ಒಬ್ಬರ ಮುಖವನ್ನೂ ಬರ್ಲಿಯಣ್ಣ ಸರಿಯಾಗಿ ಬಲ್ಲವನಲ್ಲ, ಅವರೆಲ್ಲ ಅವನಿಗೆ ಕಾರುಗಳು. ಮಕ್ಕಳ ಡಾಕ್ಟರೆಂದರೆ ಕೆಂಪು ಕಾರು, ಗಾಜು ಏರಿಸಲು ಮರೆಯುವವರು. ಮೂಳೆ ಡಾಕ್ಟರೆಂದರೆ ಬೂದು ಕಾರು, ಒಂದೇ ಕಾರಿಗೆ ಎರಡು ಜಾಗ ತಿನ್ನುವವರು. ಮಾಲೀಕರನ್ನು ಮೇಲೆ ಸೋಫಾದಲ್ಲಿ ಕೂರಿಸಿ, ಕೆಳಗೆ ಓಡಿ, ಜಾಕೆಟ್ಟು ಹಾಕಿ, ಬೂದು ಕಾರಿನ ಬಾಗಿಲು ತೆಗೆಯುತ್ತಲೇ ಕೈ ಮುಗಿದ. “ಸಾರ್, ನಮ್ಮ ಕಡೆಯವರೊಬ್ರು. ಮೊಣಕಾಲು.”

ಡಾಕ್ಟರು ಆಚೀಚೆ ನೋಡಿದರು. “ಕಳಿಸು, ಈಗ್ಲೇ ನೋಡ್ತೀನಿ. ಆದ್ರೆ ಆ ಕಂಬಕ್ಕೆ ಉಜ್ಜಿದ್ದು ನಾನೇ ಅಂತ ನನ್ನ ಹೆಂಡತಿಗೆ ಹೇಳ್ಬೇಡ. ಕಾರು ಅವಳದ್ದು.”

ಹತ್ತು ನಿಮಿಷದಲ್ಲಿ ಮಾಲೀಕರು ಔಷಧ ಚೀಟಿ ಹಿಡಿದು ಹೊರಗೆ ಬಂದರು. ಅವತ್ತು ಸಂಜೆಯೊಳಗೆ, ಮ್ಯಾನೇಜರ್ ಸಾರ್ ಕಣ್ಸನ್ನೆ ಮಾಡಿದರೆ ವೈದ್ಯರು ಎದ್ದು ನಿಲ್ಲುತ್ತಾರೆಂಬ ಸುದ್ದಿ ಬೀದಿಯ ಕೊನೆಯ ಮನೆ ತಲುಪಿತ್ತು.

ಇನ್ನು ಕೈ ಮೀರುತ್ತದೆಂದು ಅವನಿಗೆ ದಿಗಿಲಾಯಿತು. ಶುಕ್ರವಾರ ಊಟದ ಬಿಡುವಿನಲ್ಲಿ ಕಾಲೇಜಿಗೆ ಹೋಗಿ ಸಲಹೆಗಾರ್ತಿಯ ಮುಂದೆ ಕೂತ.

“ಮೇಡಂ, ಆ ಬೋರ್ಡ್ ಇಳಿಸಿ. ನಾನು ಮ್ಯಾನೇಜರ್ ಅಲ್ಲ.”

“ಒಂದೊಂದಾಗಿ ನೋಡೋಣ ಸಾರ್. ನೀವು ನಮ್ಮಲ್ಲಿ ಓದಿದ್ರಿ ತಾನೇ?”

“ಒಂಬತ್ತು ಕ್ಲಾಸು. ಆಮೇಲೆ ಮೇಷ್ಟ್ರು ಬೇರೆ ಕೆಲಸ ಸಿಕ್ಕಿ ಹೋದ್ರಂತೆ.”

“ನೋಡಿ, ಅವರಿಗೂ ಕೆಲಸ ಸಿಕ್ತು! ಅವರ ಫೋಟೊ ಇನ್ನೊಂದು ಶಾಖೇಲಿ ಹಾಕಿದೀವಿ. ಈಗ ನೀವು ಕೆಲಸದಲ್ಲಿದೀರಾ?”

“ಇದೀನಿ. ಹನ್ನೊಂದು ವರ್ಷದಿಂದ ಇದೀನಿ.”

“ವರ್ಷ ನಾನು ಕೇಳ್ಲಿಲ್ಲ ಸಾರ್. ಆಸ್ಪತ್ರೆಯಲ್ಲಿ ತಾನೇ?”

“ಆಸ್ಪತ್ರೆಯ ಕೆಳಗೆ.”

“ಕೆಳಗೋ ಮೇಲೋ, ಕಟ್ಟಡ ಒಂದೇ. ಹಾಗಾದ್ರೆ ಸುಳ್ಳು ಯಾವುದು?”

“ಮ್ಯಾನೇಜರ್ ಅನ್ನೋದು...”

ಅವಳು ಒಂದು ಕಡತ ತೆಗೆದು, ಅವನ ಅರ್ಜಿಯನ್ನು ಅವನ ಕಡೆಗೇ ತಿರುಗಿಸಿ, ಕೆಂಪುಗುರಿನಿಂದ ಒಂದು ಜಾಗ ತೋರಿಸಿದಳು. ‘ಮುಖ್ಯ ಮೇಲ್ವಿಚಾರಕ.’ ಅವನದೇ ಅಕ್ಷರ, ಒಂದಿಷ್ಟೂ ಅಲುಗಾಡದೆ ನಿಂತಿತ್ತು.

“ಇದನ್ನ ನಾವು ಬರೆದ್ವಾ?”

“ಇಲ್ಲ.”

“ನೀವು ಬರೆದಿದ್ದನ್ನೇ ಒಂದು ಪದಕ್ಕೆ ಇಳಿಸಿದ್ವಿ ಅಷ್ಟೇ. ಬೋರ್ಡಲ್ಲಿ ಜಾಗ ಕಮ್ಮಿ ಸಾರ್.”

ಅವನ ಕಿವಿ ಕೆಂಪಾಯಿತು. ಬೇರೆಯವರ ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ತನ್ನದೇ ಸುಳ್ಳಿಗೆ ಅವರು ಕೋಟು ತೊಡಿಸಿದ್ದರಷ್ಟೇ. ಫಲಕ ಇಳಿಸಲೆಂದು ಹತ್ತಿದ್ದ ಮೆಟ್ಟಿಲನ್ನು ಅವನು, ಮುಂದಿನ ವಾರದ ಭಾನುವಾರ ನಡೆಯುವ ಪ್ರವೇಶ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಲು ಒಪ್ಪಿಕೊಂಡು ಇಳಿದು ಬಂದ.

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕೆಳಗಿನ ಮನೆಯಲ್ಲಿ ಹೊಲಿಗೆಯಕ್ಕ ಇದ್ದಳು. ಹರಿದ ಜಿಪ್ಪು, ಬಿಚ್ಚಿದ ಅಂಚು, ಬಿಗಿಯಾದ ಸೊಂಟ ಸರಿಮಾಡಿಕೊಟ್ಟು ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳು ಓದಿನಲ್ಲಿ ಚುರುಕು, ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೇರಲು ಕಡೇ ದಿನ ಸೋಮವಾರ. ಅದರ ಹಿಂದಿನ ಶನಿವಾರ ಸಂಜೆ ತಾಯಿ ಮಗಳಿಬ್ಬರೂ ಮೇಲೆ ಬಂದರು. ಮಾಲೀಕರು ಆಗಲೇ ಅಲ್ಲಿ ಕಾಲು ಚಾಚಿ ಕೂತಿದ್ದರು.

“ಮೂರು ವರ್ಷ ಓದ್ಬೇಕಂತೆ ಆ ಸರ್ಕಾರಿ ಶಾಲೇಲಿ,” ಎಂದಳು ಹೊಲಿಗೆಯಕ್ಕ. “ಮೂರು ವರ್ಷ ಈ ಬೆನ್ನು ಮೆಷಿನ್ ಮೇಲೆ ಬಗ್ಗುತ್ತೆ ಅಂತ ನನಗೆ ಧೈರ್ಯ ಇಲ್ಲ. ನಿಮ್ಮ ಕಾಲೇಜಾದ್ರೆ ಹತ್ತೇ ತಿಂಗಳು. ದಿನಾ ಬಸ್‌ಸ್ಟಾಪಲ್ಲಿ ನಿಮ್ಮ ಮುಖ ನೋಡ್ತೀನಿ. ಕಾರು ನಿಲ್ಲಿಸ್ತಿದ್ದೋರೇ ಮ್ಯಾನೇಜರ್ ಆದ್ರು, ನನ್ನ ಮಗಳು ಆಗಲ್ವಾ? ನಾಳೆ ಅಲ್ಲೇ ಸೇರಿಸಿಬಿಡ್ತೀನಿ. ಅಂಕಪಟ್ಟಿ, ಟಿಸಿ ಎಲ್ಲಾ ಮೂಲ ಪ್ರತೀನೇ ಕೊಡ್ಬೇಕಂತೆ.”

ಮೂಲ ಪ್ರತಿ ಅಲ್ಲಿಗೆ ಹೋದರೆ ಕೋರ್ಸು ಮುಗಿಯುವವರೆಗೂ ವಾಪಸು ಬರುವುದಿಲ್ಲ. ಮೂಲ ಪ್ರತಿ ಇಲ್ಲದೆ ನರ್ಸಿಂಗ್ ಶಾಲೆ ಸೇರಿಸಿಕೊಳ್ಳುವುದಿಲ್ಲ. ಇದು ಬರ್ಲಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಅವನ ಹತ್ತನೇ ತರಗತಿಯ ಅಂಕಪಟ್ಟಿ ಇನ್ನೂ ಕಾಲೇಜಿನ ಕಪಾಟಿನಲ್ಲೇ ಇತ್ತು.

ಮಗಳು ಅವನನ್ನೇ ನೋಡುತ್ತಿದ್ದಳು. “ಮಾವ, ನೀವು ಹೇಳಿದ ಹಾಗೆ ಮಾಡ್ತೀನಿ. ಆ ಕಾಲೇಜಲ್ಲಿ ಓದಿದ್ದಕ್ಕೇ ನಿಮಗೆ ಈ ಕೆಲಸ ಸಿಕ್ಕಿದ್ದಾ?”

ಆಗ ಹೇಳಬಹುದಿತ್ತು. ಹೇಳಲೇಬೇಕಿತ್ತು. ಆದರೆ ಪಕ್ಕದಲ್ಲಿ ಹೆಂಡತಿ ನಾಳೆಯ ಸಮಾರಂಭದ ಅಂಗಿಗೆ ಇಸ್ತ್ರಿ ಹಾಕುತ್ತಾ ಹೆಮ್ಮೆಯಿಂದ ಮುಗುಳ್ನಗುತ್ತಿದ್ದಳು. ಮಾಲೀಕರು ‘ಸಂಶಯ ಬೇರೆನಾ?’ ಎಂಬಂತೆ ಮೊಣಕಾಲು ತಟ್ಟಿದರು.

“ಕಾಲೇಜು... ಪರವಾಗಿಲ್ಲ,” ಎಂದ.

ಹೊಲಿಗೆಯಕ್ಕ ಕೈ ಮುಗಿದಳು. ಆ ಮುಗಿದ ಕೈಗಳ ಬೆರಳ ತುದಿಯಲ್ಲಿ ಸೂಜಿಯ ಕಲೆಗಳನ್ನು ಕಂಡು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ನೆಲ ಬಾಯಿ ಬಿಟ್ಟಿದ್ದರೆ ಸಂತೋಷವಾಗಿ ಒಳಗೆ ಹೋಗುತ್ತಿದ್ದ. ನೆಲ ಬಾಯಿ ಬಿಟ್ಟರೆ ಸಿಗುವುದು ಹೊಲಿಗೆಯಕ್ಕನ ಮನೆಯೇ ಆದ್ದರಿಂದ ಅದೂ ಪ್ರಯೋಜನವಿರಲಿಲ್ಲ.

ಭಾನುವಾರ ಇಡೀ ಬೀದಿ ಒಂದು ವ್ಯಾನು ಮಾಡಿಕೊಂಡು ಹೊರಟಿತು. ಸಭಾಂಗಣದ ತುಂಬ ಅಪ್ಪ ಅಮ್ಮಂದಿರು, ತೊಡೆಯ ಮೇಲೆ ಮಕ್ಕಳ ಪ್ಲಾಸ್ಟಿಕ್ ಫೈಲುಗಳು. ವೇದಿಕೆಯ ಪಕ್ಕದಲ್ಲೇ ಮೂಲ ಪ್ರತಿ ಪಡೆಯುವ ಮೇಜು. ಮುಖ್ಯ ಅತಿಥಿಗೆ ಪ್ಲಾಸ್ಟಿಕ್ ಹೂಗುಚ್ಛ ಕೊಟ್ಟು, “ಹೋಗುವಾಗ ವಾಪಸ್ ಕೊಡಿ, ಸಂಜೆ ಇನ್ನೊಂದು ಶಾಖೆಗೆ ಹೋಗ್ಬೇಕು,” ಎಂದು ಸಲಹೆಗಾರ್ತಿ ಕಿವಿಯಲ್ಲಿ ಹೇಳಿದಳು. ಬರ್ಲಿಯಣ್ಣ ಮೈಕಿನ ಮುಂದೆ ನಿಂತ. ಮೂರನೇ ಸಾಲಿನಲ್ಲಿ ಹೊಲಿಗೆಯಕ್ಕನ ಮಗಳು ಫೈಲನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅವಳನ್ನು ನೋಡಿದ್ದೇ ಅವನ ಬಾಯಿಯ ಬೀಗ ಕಳಚಿತು.

“ನಾನು ಮ್ಯಾನೇಜರ್ ಅಲ್ಲ!”

ಸಲಹೆಗಾರ್ತಿ ಇನ್ನೊಂದು ಮೈಕು ಎತ್ತಿಕೊಂಡಳು. “ಕೇಳಿದ್ರಾ? ಅಷ್ಟು ಎತ್ತರಕ್ಕೆ ಹೋದ್ರೂ ನಾನು ಮ್ಯಾನೇಜರ್ ಅಲ್ಲ ಅಂತಾರೆ! ವಿನಯ! ಇದು ನಮ್ಮ ನಾಲ್ಕನೇ ಪಾಠ!”

ಚಪ್ಪಾಳೆ.

“ಅಯ್ಯೋ ಅಲ್ರೀ, ನಾನು ಕಾರು ನಿಲ್ಲಿಸೋನು!”

“ಬಂದ ದಾರಿ ಮರೆತಿಲ್ಲ ನೋಡಿ!”

“ಈಗ್ಲೂ ಅದೇ ಮಾಡ್ತಿದೀನಿ!”

“ಈಗ್ಲೂ ಅದೇ ಸರಳತೆ!”

“ನನಗೆ ಏನೂ ಬರಲ್ಲ! ಒಂಬತ್ತೇ ಕ್ಲಾಸಿಗೆ ಬಂದಿದ್ದು!”

“ಒಂಬತ್ತೇ ಕ್ಲಾಸಿಗೆ ಇಷ್ಟಾದ್ರೆ, ಹತ್ತು ತಿಂಗಳು ಬಂದ್ರೆ ನೀವೇನಾಗ್ಬಹುದು, ಯೋಚ್ನೆ ಮಾಡಿ!”

ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಾಲೀಕರು ಒಂದೇ ಕಾಲಿನ ಮೇಲೆ ಎದ್ದಿದ್ದರು. ಅವನು ನಿಜ ಹೇಳಿದಷ್ಟೂ ಮೇಲೆ ಹೋಗುತ್ತಿದ್ದ. ಹೊಲಿಗೆಯಕ್ಕ ಕಣ್ಣೊರೆಸಿಕೊಂಡು, “ಎಂಥಾ ದೊಡ್ಡ ಮನಸ್ಸು!” ಎನ್ನುತ್ತಾ ಮಗಳ ಕೈಯಿಂದ ಫೈಲು ತೆಗೆದುಕೊಂಡು ಸೀದಾ ಮೇಜಿನ ಕಡೆ ನಡೆದಳು. ಗುಮಾಸ್ತ ಕೈ ಚಾಚಿದ.

ಬರ್ಲಿಯಣ್ಣ ವೇದಿಕೆಯಿಂದ ಹಾರಿದ. ಫೈಲು ಕಸಿದುಕೊಂಡ. ಬಾಗಿಲ ಕಡೆಗೆ ಓಟ ಕಿತ್ತ.

ಅವನ ಹಿಂದೆ “ನನ್ನ ಮಗಳ ಅಂಕಪಟ್ಟಿ!” ಎಂದು ಹೊಲಿಗೆಯಕ್ಕ, ಅವಳ ಹಿಂದೆ ಮಗಳು, ಮಗಳ ಹಿಂದೆ “ನಿಮಗೇನಾಯ್ತು, ನಿಲ್ಲೀ!” ಎಂದು ಹೆಂಡತಿ, ಆಮೇಲೆ ಕುಂಟುತ್ತಾ ಮಾಲೀಕರು, ಎಲ್ಲರ ಹಿಂದೆ “ಹೂಗುಚ್ಛ! ಹೂಗುಚ್ಛ!” ಎಂದು ಕೂಗುತ್ತಾ ಸಲಹೆಗಾರ್ತಿ. ಎರಡು ಬೀದಿ, ಒಂದು ಸಿಗ್ನಲ್. ಹೂಗುಚ್ಛವನ್ನು ಸಿಗ್ನಲ್ ಬಳಿ ಎಸೆದ ಮೇಲೆ ಸಲಹೆಗಾರ್ತಿ ಅಲ್ಲಿಗೇ ನಿಂತಳು. ಉಳಿದವರು ಆಸ್ಪತ್ರೆಯ ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ನೆಲಮಾಳಿಗೆಗೆ ಇಳಿದರು.

ಅವನ ಬದಲಿಗೆ ಪಾಳಿಗೆ ಬಂದಿದ್ದ ಮುದುಕ ಸ್ಟೂಲಿನಿಂದ ಎದ್ದು, ಟೈ ಕಟ್ಟಿದವನನ್ನು ಮೇಲಿಂದ ಕೆಳಗೆ ನೋಡಿದ. “ಏನಪ್ಪಾ, ಅತ್ತೆ ಸತ್ರು ಅಂತ ರಜೆ ತಗೊಂಡು ಮದುವಣಿಗನ ಹಾಗೆ ಬಂದಿದೀಯ?”

“ನಮ್ಮಮ್ಮನ್ನ ಯಾವಾಗ ಸಾಯಿಸಿದ್ರಿ?” ಎಂದಳು ಏದುಸಿರು ಬಿಡುತ್ತಿದ್ದ ಹೆಂಡತಿ.

ಅವನು ಸೀದಾ ಜನರೇಟರ್ ಹಿಂದೆ ಹೋದ. ಬಂದಾಗ ಮಾಸಿದ ಖಾಕಿ ಪ್ಯಾಂಟು, ಕಿತ್ತಳೆ ಜಾಕೆಟ್ಟು, ತಲೆಗೆ ಟೋಪಿ. ಅಷ್ಟರಲ್ಲಿ ಒಂದು ಬೂದು ಕಾರು ಇಳಿದು ಬಂತು. ಹನ್ನೊಂದು ವರ್ಷದ ಅಭ್ಯಾಸ, ಅವನ ಕೈ ತಾನಾಗಿ ಮೇಲೆದ್ದಿತು. ಕಾರು ಎರಡು ಜಾಗ ತಿಂದು ನಿಂತಿತು. ಇಳಿದ ಡಾಕ್ಟರು, “ಏಯ್ ಪಾರ್ಕಿಂಗ್, ಹಿಡಿ!” ಎಂದು ಕೀಲಿ ಎಸೆದರು. ಅವನು ಹಿಡಿದ.

“ಇವರೇ ನನ್ನ ಡಾಕ್ಟ್ರು!” ಎಂದರು ಮಾಲೀಕರು.

“ಓ, ನೀವಾ? ಪಾರ್ಕಿಂಗವನ ಕಡೆಯವರಲ್ವಾ? ಕಾಲು ಹೇಗಿದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಾಕ್ಟರು ಲಿಫ್ಟಿನಲ್ಲಿ ಮೇಲೆ ಹೋದರು.

ಯಾರಾದರೂ ನಕ್ಕಿದ್ದರೆ ಒಳ್ಳೆಯದಿತ್ತು. ಯಾರೂ ನಗಲಿಲ್ಲ. “ನನ್ನ ಕಾಲನ್ನ ಪಾರ್ಕಿಂಗ್ ಕೋಟಾದಲ್ಲಿ ನೋಡಿದ್ರಾ?” ಎಂದು ಮಾಲೀಕರು ತಮಗೆ ತಾವೇ ಗೊಣಗಿದರು. ಹೆಂಡತಿ ಅವನನ್ನೊಮ್ಮೆ ನೋಡಿದಳು, ಜನರೇಟರ್ ಪಕ್ಕ ಬಿದ್ದಿದ್ದ ಬಿಳಿ ಅಂಗಿಯನ್ನು ನೋಡಿದಳು, ಅದನ್ನೆತ್ತಿ ಮಡಿಸಿ ಕಂಕುಳಲ್ಲಿಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಆ ಫಲಕದ ಮುಂದೆ ಬಸ್ಸಿನವರಿಗೆಲ್ಲ ಬೆರಳು ತೋರಿಸಿದ ಹೆಂಗಸು ಅವಳು. ನಾಳೆಯೂ ಅದೇ ಬಸ್ಸಿನಲ್ಲಿ ಹೋಗಬೇಕು.

ಬರ್ಲಿಯಣ್ಣ ಫೈಲನ್ನು ಎರಡು ಕೈಯಲ್ಲಿ ಹಿಡಿದು ಹೊಲಿಗೆಯಕ್ಕನ ಮುಂದೆ ಚಾಚಿದ. “ಇದೇ ನನ್ನ ಕೆಲಸ. ಮೊದಲೂ ಇದೇ, ಈಗ್ಲೂ ಇದೇ. ನಿನ್ನೆ ಕೇಳಿದಾಗ ಹೇಳ್ಬೇಕಿತ್ತು. ನಾಚಿಕೆಯಾಯ್ತು, ಅದಕ್ಕೇ ಹೇಳ್ಲಿಲ್ಲ. ನಾಳೆ ಮಗೂನ ನರ್ಸಿಂಗ್ ಶಾಲೆಗೇ ಸೇರಿಸಿ.”

ಅವಳು ಫೈಲು ತೆರೆದು, ಒಂದೊಂದೇ ಹಾಳೆ ಮುಟ್ಟಿ ನೋಡಿ, ಮಗಳ ಕೈಗೆ ಕೊಟ್ಟಳು. ಆಮೇಲೆ ಅವನ ಎದುರಿಗೆ ಬಂದಳು. ಕಪಾಳಕ್ಕೆ ಬಿಗಿಯುತ್ತಾಳೆಂದು ಅವನು ಕಣ್ಣು ಮುಚ್ಚಿದ. ನಿಜ ಹೇಳಬೇಕೆಂದರೆ, ಬಿಗಿದರೆ ಸಾಕೆಂದು ಕಾದ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳು ಅವನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪ್ಯಾಂಟಿನ ಅಂಚು ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಅವಳು ಚೀಲದಿಂದ ಸೂಜಿ ತೆಗೆದು ದಾರ ಪೋಣಿಸಿಯಾಗಿತ್ತು.

“ಅಕ್ಕಾ, ಬೇಡ. ಏಳಿ, ದಮ್ಮಯ್ಯ, ಏಳಿ.”

“ಎಡವಿ ಯಾವ್ದಾದ್ರೂ ಗಾಡಿ ಕೆಳಗೆ ಬೀಳ್ತೀರಿ.”

“ಬಿದ್ರೆ ಬೀಳ್ಲಿ. ನಿಮಗೆ ಇಷ್ಟೆಲ್ಲಾ ಮಾಡಿದೀನಿ...”

“ಹೌದು, ಮಾಡಿದೀರಿ. ನಿಮ್ಮ ಮೇಲಿರೋ ಸಿಟ್ಟು ಹೇಳಿ ಮುಗಿಯೋದಲ್ಲ. ಇನ್ನೊಂದು ನಿಮಿಷ ಆಗಿದ್ರೆ ನನ್ನ ಮಗಳ ಗತಿ ಏನು?” ಅವಳು ಅಂಚು ಮಡಿಸಿ ಮೊದಲ ಹೊಲಿಗೆ ಹಾಕಿದಳು. “ಅಲ್ಲಾಡ್ಬೇಡಿ. ಸೂಜಿ ಚುಚ್ಚುತ್ತೆ.”

ಇಳಿಜಾರಿನಲ್ಲಿ ನಾಲ್ಕು ಕಾರುಗಳು ಒಂದರ ಹಿಂದೊಂದು ನಿಂತು ಹಾರನ್ ಹೊಡೆಯುತ್ತಿದ್ದವು. ಮುದುಕ ಅವುಗಳ ಕಡೆ ಓಡಿದ. ಬರ್ಲಿಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳು ಒಂದು ಕಾಲು ಮುಗಿಸಿ ಇನ್ನೊಂದು ಕಾಲಿನ ಅಂಚು ಹಿಡಿದಳು, ಅದೂ ಬಿಚ್ಚಿತ್ತು. ಕೊನೆಯ ಗಂಟು ಹಾಕಿ ಅವಳು ಹಲ್ಲಿನಿಂದ ದಾರ ಕಡಿಯುವವರೆಗೂ ಅವನು ತಲೆ ಎತ್ತಲಿಲ್ಲ.